ಕುಂಬಾರ ಕಪ್ಪೆಯ ವಂಶಾವಳಿ



ರಾಜ್ಯೋತ್ಸವದ ವೇದಿಕೆಯಲ್ಲಿ ಕಪ್ಪೆಯ ಮಾತೇಕೆಂದು ತಾವು ಕೇಳಬಹುದು. ಬ್ಯಾಂಕಿನಲ್ಲಿ ಖಾತೆ ಬರೆದು ದಿನ ಕಳೆಯುವ ನಮಗೂ ಜೀವವಿಜ್ಞಾನಕ್ಕೂ ಏನು ನಂಟು? ಆದರೆ ಈ ಕಪ್ಪೆಯ ಹೆಸರೇ ಕನ್ನಡ. ಉತ್ತರ ಕನ್ನಡದ ಕತ್ತಲೆಕಾನಿನ ಹಳ್ಳಗಳಲ್ಲಿ ಅದರ ವಾಸ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ತನ್ನ ಮುಂಗಾಲುಗಳಿಂದ ಹಳ್ಳದ ಕೆಸರನ್ನು ಬಾಚಿ ತಂದು ಅವುಗಳಿಗೆ ಮೆತ್ತುತ್ತದೆ. ಆದುದರಿಂದಲೇ 2014ರಲ್ಲಿ ಕೆ. ವಿ. ಗುರುರಾಜ ಮತ್ತು ಅವರ ಸಂಗಡಿಗರು ಇದಕ್ಕೆ ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು.

ಅದೇ ನೆಲದಲ್ಲಿ ಜೋಗದ ಹೆಸರು ಹೊತ್ತ ಇನ್ನೊಂದು ಇರುಳುಗಪ್ಪೆಯೂ ಉಂಟು. ಅದನ್ನು 2011ರಲ್ಲಿ ಲೋಕಕ್ಕೆ ಪರಿಚಯಿಸಿದವರು ನಮ್ಮ ಈ ದೆಹಲಿ ವಿಶ್ವವಿದ್ಯಾಲಯದ ಎಸ್. ಡಿ. ಬಿಜು ಮತ್ತು ಜೊತೆಗಾರರು. ಒಂದೇ ಕಾಡಿನ ಈ ದಾಯಾದಿಗಳು ಬೇರೆ ಬೇರೆ ಜಾತಿಯೆಂದು ತಿಳಿಯುವುದು ಹೇಗೆ? ಮೈಕಟ್ಟು, ಕೂಗು, ನಡತೆಗಳ ಜೊತೆಗೆ ಡಿ.ಎನ್.ಎ.ಯ ಸಾಕ್ಷಿಯನ್ನೂ ಕೇಳುತ್ತಾರೆ.

ಡಿ.ಎನ್.ಎ. ನಾಲ್ಕೇ ಅಕ್ಷರಗಳ ಬರಹ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲಲ್ಲಿ ಅಕ್ಷರ ತಪ್ಪುತ್ತದೆ. ನಮ್ಮ ಲೆಡ್ಜರಿನಲ್ಲಿ ವಿವರಣೆಯ ಅಂಕಣದಲ್ಲಿ ಒಂದಕ್ಷರ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಖಾತೆಯ ಸಂಖ್ಯೆಯೇ ತಪ್ಪಿದರೆ ಹಣ ಪರರ ಪಾಲು. ಅಂಥ ತಪ್ಪನ್ನು ಯಾರೂ ಉಳಿಯಗೊಡರು. ಜೀವಿಯಲ್ಲಿಯೂ ಹಾಗೆಯೇ. ಪ್ರೋಟೀನು ತಯಾರಿಸುವ ರೈಬೊಸೋಮಿನಂಥ ಮುಖ್ಯ ಯಂತ್ರದ ಬರಹ ಕೆಟ್ಟರೆ ಆ ಜೀವಿ ಬಾಳದು, ತಪ್ಪೂ ಅದರೊಡನೆ ಅಳಿಯುವುದು. ಆದ್ದರಿಂದ ಅಂಥ ಭಾಗಗಳು ಕೋಟ್ಯಂತರ ವರ್ಷ ಹೆಚ್ಚು ಬದಲಾಗದೆ ನಿಂತಿವೆ. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೊಸೋಮಿನ ಆರ್.ಎನ್.ಎ.ಯನ್ನು ಹೋಲಿಸಿಯೇ ಆರ್ಕಿಯಾ ಎಂಬ ಜೀವಲೋಕದ ಮೂರನೆಯ ಮಹಾಶಾಖೆಯನ್ನು ಕಂಡರು.

ಬದಲಾಗದ ಭಾಗ ಎರಡು ಬರಹಗಳನ್ನು ಸಾಲಿಗೆ ಸಾಲು ಹೊಂದಿಸಿಡಲು ಬೇಕು. ನಡುನಡುವೆ ಬದಲಾದ ಅಕ್ಷರಗಳು ನಂಟಿನ ದೂರವನ್ನು ಎಣಿಸಲು ಬೇಕು. ದೂರದ ಬಂಧುಗಳಿಗೆ ನಿಧಾನವಾಗಿ ಬದಲಾಗುವ ಭಾಗ, ಹತ್ತಿರದವರಿಗೆ ಬೇಗ ಬದಲಾಗುವ ಭಾಗ ಒಪ್ಪುತ್ತದೆ. 2003ರಲ್ಲಿ ಬಿಜು ಮತ್ತು ಫ್ರಾಂಕಿ ಬೊಸ್ಸೈಟ್ ಕೇರಳದ ಹಂದಿಮೂಗಿನ ನೇರಳೆ ಕಪ್ಪೆಯನ್ನು ಹೀಗೆ ಪರೀಕ್ಷಿಸಿದಾಗ ಅದರ ಹತ್ತಿರದ ಬಂಧುಗಳು ಸಮುದ್ರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿವೆಯೆಂದು ಗೊತ್ತಾಯಿತು. ಕಪ್ಪೆ ಕಡಲು ಈಜಿತೆ? ಇಲ್ಲ, ಒಂದಾಗಿದ್ದ ನೆಲವೇ ಸುಮಾರು 6.5 ಕೋಟಿ ವರ್ಷಗಳ ಹಿಂದೆ ಒಡೆದು ದೂರ ಸರಿಯಿತು.

ಮನೆಬಿಟ್ಟು ಬಂದ ನಮಗೆ ಈ ಮಾತು ಹೊಸದಲ್ಲ. ಬಲೂಚಿಸ್ತಾನದ ಬ್ರಾಹೂಯಿ ಜನ ಕಣ್ಣಿಗೆ ‘ಖನ್’, ಬಾಯಿಗೆ ‘ಬಾ’ ಎನ್ನುವರು. ನಿತ್ಯ ಬೇಕಾದ ಮಾತು ಸುಲಭವಾಗಿ ಅಳಿಯದು. ಅದರಿಂದಲೇ ದ್ರಾವಿಡ ನಂಟು ತಿಳಿಯುತ್ತದೆ. ಆದರೆ ಭಾಷೆ ನೆರೆಯವರಿಂದ ಸುಲಭವಾಗಿ ಸಾಲ ತರಬಲ್ಲದು, ಕಪ್ಪೆ ಹಾಗೆ ತರುವುದು ಅಪರೂಪ.

ಇಲ್ಲೇ ನಾವು ಯೋಚಿಸಬೇಕಾದ ಮಾತಿದೆ. ಎಲ್ಲವನ್ನೂ ‘ಕಪ್ಪೆ’ ಎಂದು ಒಂದೇ ಲೆಕ್ಕಕ್ಕೆ ಬರೆದರೆ, ಒಂದು ಹಳ್ಳ ಬತ್ತಿದಾಗ ಏನು ಕಳೆಯಿತೆಂದು ತಿಳಿಯುವುದಿಲ್ಲ. ಬೇರೆಬೇರೆ ಖಾತೆಯಿದ್ದರೆ ನಷ್ಟ ಎದ್ದು ಕಾಣುತ್ತದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಹಲವು ಬೇರೆಲ್ಲಿಯೂ ಇಲ್ಲ. ರಜೆಯಲ್ಲಿ ಮಕ್ಕಳನ್ನು ಜೋಗಕ್ಕೆ ಕರೆದೊಯ್ಯುವವರು ಧುಮುಕುವ ನೀರನ್ನು ತೋರಿಸುವುದರ ಜೊತೆಗೆ, ಕಾನಿನ ಸಣ್ಣ ಹಳ್ಳದ ಬಳಿಯೂ ಒಂದು ಗಳಿಗೆ ನಿಂತು ಈ ಕುಂಬಾರನ ಹೆಸರು ಹೇಳಿಕೊಡಿರಿ. ಕೆಸರನ್ನು ಮಾತ್ರ ಕಲಕಬೇಡಿರಿ.