ಗೈಡ್ ಇಲ್ಲದ ದಿನದ ದೆಹಲಿ



ದೆಹಲಿ ನೋಡಿದ್ದೀರಾ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ‘ಓ, ಒಂದೇ ದಿನದಲ್ಲಿ ಪೂರ್ತಿ ನೋಡಿದೆವು’ ಎನ್ನುತ್ತಾರೆ. ಕಳೆದ ಚಳಿಗಾಲದಲ್ಲಿ ನಾನೂ ಅಮ್ಮನೂ ಹಾಗೆಯೇ ನೋಡಿದೆವು. ಬೆಳಿಗ್ಗೆ ಬಸ್ಸು ಹತ್ತಿದ್ದಷ್ಟೇ; ಕೆಂಪುಕೋಟೆ, ರಾಜಘಾಟ್, ಇಂಡಿಯಾ ಗೇಟ್, ಹುಮಾಯೂನನ ಗೋರಿ, ಕೊನೆಗೆ ಕುತುಬ್ ಮಿನಾರ್. ಗೈಡ್ ಒಳ್ಳೆಯವರೇ. ಆದರೆ ಅವರ ಕಣ್ಣೆಲ್ಲ ಗಡಿಯಾರದ ಮೇಲೆ.

ಅಮ್ಮ ಶಿವಮೊಗ್ಗ ಜಿಲ್ಲೆಯ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ‘ತುಕ್ಕು ಹಿಡಿಯದ ಕಬ್ಬಿಣದ ಕಂಬ’ ಎಂದು ಕಪ್ಪು ಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದರೋ! ಕುತುಬ್ ಆವರಣದಲ್ಲಿರುವ ಆ ಕಂಬದ ಹತ್ತಿರ ಅವರು ತಲುಪುವ ಹೊತ್ತಿಗೆ ಗೈಡ್ ಸೀಟಿ ಊದಿಯೇಬಿಟ್ಟರು. ಬಸ್ಸಿನಲ್ಲಿ ಕೂತು ಅಮ್ಮ ಮೆಲ್ಲಗೆ ಕೇಳಿದರು: “ಅಲ್ಲ ಕಣೇ, ಇಷ್ಟೇನಾ?”

ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ಮಾರನೆಯ ದಿನ ಗುಂಪು ಅಂಗಡಿ ಬೀದಿಗೆ ಹೊರಟಿತು, ನಾವಿಬ್ಬರೇ ಮೆಟ್ರೋ ಹಿಡಿದೆವು. ಹೊರಡುವ ಮೊದಲೇ ಒಂದು ಕರಾರು: ತಪ್ಪಿಸಿಕೊಂಡರೆ ಮುಂದೆ ಹೋದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಹಿಂದೆ ಉಳಿದವರು ಹೋಗಿ ಸೇರಿಕೊಳ್ಳಬೇಕು.

ಕರೋಲ್‌ಬಾಗಿನಿಂದ ನೀಲಿ ಮಾರ್ಗ. ರಾಜೀವ್ ಚೌಕದಲ್ಲಿ ಇಳಿದು, ಕೆಳಗಿನ ಅಂತಸ್ತಿನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಮುಂಬಯಿ ಲೋಕಲ್‌ನಲ್ಲಿ ಪಳಗಿದವಳು ನಾನು ಎಂಬ ಜಂಬ ಬೇರೆ! ಜನರ ನೂಕುನುಗ್ಗಲಲ್ಲಿ ಅಮ್ಮ ಒಳಗೆ ಹೋದರು, ನನ್ನ ಮುಂದೆ ಬಾಗಿಲು ಮುಚ್ಚಿತು. ಅಮ್ಮನಿಗೆ ಹಿಂದಿ ಬಾರದು. ಅವರ ಮೊಬೈಲು ನನ್ನ ಚೀಲದಲ್ಲಿ!

ಮುಂದಿನ ಗಾಡಿ ಬರುವವರೆಗಿನ ಆ ಕೆಲವು ನಿಮಿಷಗಳನ್ನು ನಾನು ಹೇಗೆ ಕಳೆದೆನೋ. ಪಟೇಲ್ ಚೌಕದಲ್ಲಿ ಇಳಿದು ನೋಡಿದರೆ, ಅಮ್ಮ ಪ್ಲಾಟ್‌ಫಾರ್ಮಿನ ಮೇಲೆ ಶಾಲು ಹೊದ್ದು ಆರಾಮಾಗಿ ನಿಂತಿದ್ದಾರೆ. “ಮಾತಾಡಿಕೊಂಡಿದ್ದೆವಲ್ಲ, ಮತ್ಯಾಕೆ ಅಳ್ತೀಯ?” ಎಂದರು.

ಕುತುಬ್ ಮಿನಾರ್ ಸ್ಟೇಷನ್ನಿನಿಂದ ಆಟೋ. ಈ ಸಲ ಅವಸರವಿಲ್ಲ. ಏಳು ಮೀಟರಿಗೂ ಎತ್ತರದ, ಆರು ಟನ್ನಿಗೂ ಮಿಕ್ಕಿ ತೂಗುವ ಕಂಬ. ಮೈಮೇಲೆ ಬ್ರಾಹ್ಮಿ ಲಿಪಿಯ ಸಂಸ್ಕೃತ ಶಾಸನ. ಅದರಲ್ಲಿ ಬರುವ ‘ಚಂದ್ರ’ ಗುಪ್ತರ ಎರಡನೆಯ ಚಂದ್ರಗುಪ್ತನೆಂದು ಹೆಚ್ಚಿನ ವಿದ್ವಾಂಸರ ಮತ. ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೇಲೆ ತೆಳುವಾದ ರಕ್ಷಾ ಪದರ ಕಟ್ಟಿದೆಯಂತೆ. ಬೇಲಿಯ ಈಚೆ ನಿಂತು ಅಮ್ಮ ಅರ್ಧ ಗಂಟೆ ಅದನ್ನೇ ನೋಡಿದರು. ಆಮೇಲೆ, “ಮಕ್ಕಳಿಗೆ ಸುಳ್ಳು ಹೇಳಿರಲಿಲ್ಲ ಬಿಡು” ಎಂದರು.

ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಮೆಹ್ರೌಲಿಯ ಉದ್ಯಾನದಲ್ಲಿ, 1506ರಲ್ಲಿ ಕಟ್ಟಿದ ‘ರಾಜೋಂ ಕೀ ಬಾವೋಲಿ’ ಎಂಬ ಮೆಟ್ಟಿಲುಬಾವಿ ಇದೆ. ನಮ್ಮ ಬಸ್ಸು ಅತ್ತ ತಿರುಗಿಯೂ ನೋಡಿರಲಿಲ್ಲ. ಅಲ್ಲಿ ಕೂತು ನಾವು ಬುತ್ತಿಯ ಚಪಾತಿ ತಿಂದೆವು.

ಹಾಗಂತ ಗೈಡ್ ಬೇಡ ಎನ್ನುತ್ತಿಲ್ಲ. ಮೊದಲ ದಿನ ಬಸ್ಸಿನಲ್ಲಿ ಸುತ್ತಿ, ಊರಿನ ದಿಕ್ಕು ತಿಳಿದುಕೊಳ್ಳಿ. ಎರಡನೆಯ ದಿನ ಮನಸ್ಸು ಹಿಡಿದ ಒಂದೇ ಒಂದು ಜಾಗಕ್ಕೆ ಮತ್ತೆ ಹೋಗಿ. ಕೆಂಪುಕೋಟೆಗೆ ಸೋಮವಾರ ರಜೆ, ನೆನಪಿರಲಿ. ತಂಗಿರುವ ಜಾಗದ ವಿಳಾಸವನ್ನು ಚೀಟಿಯಲ್ಲಿ ಬರೆದು ಎಲ್ಲರ ಜೇಬಿಗೂ ಹಾಕಿ. ಅವರವರ ಮೊಬೈಲು ಅವರವರ ಬಳಿಯೇ ಇರಲಿ!