ಹನ್ನೊಂದು ದಿನದ ರಜೆ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನಾದ ನನಗೆ ಲೆಕ್ಕ ಬರೆದು ರೂಢಿಯೇ ಹೊರತು ಭಾಷಣ ಮಾಡಿ ರೂಢಿಯಿಲ್ಲ. ಆದರೂ ಸಂಘದವರ ಮಾತು ಮೀರಲಾರದೆ, ನನ್ನ ಮನೆಯದೇ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಮಿಯಾಪುರದ ಹೆದ್ದಾರಿ ಜಹೀರಾಬಾದನ್ನು ದಾಟಿ ಹುಮನಾಬಾದಿಗೂ, ಅಲ್ಲಿಂದ ಸೊಲ್ಲಾಪುರ, ಪುಣೆಗೂ ಹೋಗುತ್ತದೆ. ಹುಮನಾಬಾದು ನನ್ನ ಊರು. 1956ರ ನವೆಂಬರ್ 1ರವರೆಗೆ ಅದೂ ಈ ನಗರವೂ ಒಂದೇ ರಾಜ್ಯದಲ್ಲಿದ್ದವು. ಇಂದು ನಡುವೆ ಗಡಿ ಬಂದಿದ್ದರೂ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆಯ ಹಾದಿ, ಅಷ್ಟೆ. ಅಲ್ಲಿ ನಮ್ಮ ಅವ್ವ ಒಬ್ಬಳೇ ಇದ್ದಾಳೆ.

ನನ್ನ ತಂಗಿ ದಾದಿ. ಆಫ್ರಿಕದ ಮಲಾವಿಯಲ್ಲಿ ಎರಡು ವರ್ಷಗಳಿಂದ ವಿಶ್ವಸಂಸ್ಥೆಯ ಸ್ವಯಂಸೇವಕಿಯಾಗಿದ್ದಾಳೆ. 1970ರಲ್ಲಿ ಸ್ಥಾಪನೆಯಾದ ಈ ವ್ಯವಸ್ಥೆಯಲ್ಲಿ ಸಂಬಳವೆಂಬುದಿಲ್ಲ. ಜೀವನಕ್ಕೆ ಸಾಕಾಗುವಷ್ಟು ಭತ್ಯೆ ಮಾತ್ರ. ಕಳೆದ ಎಳ್ಳಮಾವಾಸ್ಯೆಗೆ ಆಕೆ ಹನ್ನೊಂದು ದಿನದ ರಜೆಯ ಮೇಲೆ ಮನೆಗೆ ಬಂದಳು. ಮುಂಬಯಿಯಲ್ಲಿ ವಿಮಾನ ಇಳಿದು, ರಾತ್ರಿಯ ಬಸ್ಸು ಹಿಡಿದು, ಸೊಲ್ಲಾಪುರದಲ್ಲಿ ಬೆಳಕು ಹರಿದದ್ದನ್ನು ಕಂಡು ಬಂದವಳು.

ನಾನು ಮೊದಲೇ ದಿನವಾರು ಪಟ್ಟಿ ಮಾಡಿಟ್ಟಿದ್ದೆ: ಇಂಥ ದಿನ ಸೋದರಮಾವನ ಮನೆ, ಇಂಥ ದಿನ ಬೀದರ, ಇಂಥ ದಿನ ಗಂಡಿನ ಕಡೆಯವರು ನೋಡಲು ಬರುವುದು. ಬಂದ ನೆಂಟರೆಲ್ಲ ಕೇಳಿದ್ದು ಒಂದೇ ಮಾತು, ‘ಸಂಬಳ ಇಲ್ಲದ ಕೆಲಸಕ್ಕ ಅಷ್ಟು ದೂರ ಯಾಕ?’ ಮೂರು ದಿನ ಅವಳು ನಕ್ಕು ಸುಮ್ಮನಿದ್ದಳು. ನಾಲ್ಕನೆಯ ದಿನ ನನ್ನ ಪಟ್ಟಿಯನ್ನು ಮಡಿಸಿ ಕೈಗಿತ್ತು, ‘ಅಣ್ಣಾ, ನಾ ಜಾತ್ರಿಗೆ ಬಂದಿಲ್ಲ, ಮನಿಗೆ ಬಂದೀನಿ’ ಎಂದಳು.

ಅಂದಿನಿಂದ ಅವಳು ಅವ್ವನ ಜೊತೆಯಲ್ಲೇ ಕುಳಿತಳು, ರೊಟ್ಟಿ ಬಡಿದಳು, ಹೊಲಕ್ಕೆ ಹೋಗಿ ಭಜ್ಜಿ ಉಂಡಳು. ಹಾಗೆ ಕುಳಿತುದರಿಂದಲೇ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಅವ್ವ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಿದ್ದಳು. ಅಕ್ಕಿಯಲ್ಲಿಯ ಹರಳನ್ನು ಬೆರಳಿನಿಂದ ಹುಡುಕುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವರ್ಷದಿಂದಲೂ ಅವ್ವ ‘ಮಬ್ಬ ಕಾಣ್ತದ’ ಎನ್ನುತ್ತಿದ್ದುದೂ, ‘ಮುಂದಿನ ತಿಂಗಳು ತೋರಿಸೋಣು’ ಎಂದು ನಾನು ಹೇಳುತ್ತ ಬಂದದ್ದೂ ನಿಜ. ನಾನು ಊರಿಗೆ ಹೋಗುತ್ತಿದ್ದುದು ವರ್ಷಕ್ಕೆ ಎರಡು ಬಾರಿ. ಹೋದರೂ ಮರಳುವ ಬಸ್ಸಿನ ವೇಳೆಯನ್ನೇ ನೋಡುತ್ತಿದ್ದೆ.

ಆ ರಾತ್ರಿ ತಂಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮೇಲಾಗುತ್ತಿತ್ತು. ‘ಅವ್ವಗ ಏನರ ಆದ್ರ ನಾ ಹೊತ್ತಿಗೆ ಬರಲಿಕ್ಕೆ ಆಗೂದಿಲ್ಲ, ಅಣ್ಣಾ. ನೀ ಇದ್ದೀ ಅಂತೇ ನಾ ಹೋಗೀನಿ’ ಎಂದಳು.

ಆಗ ನನಗೆ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರ ನೆನಪಾಯಿತು. ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಊರಿನಲ್ಲಿ 1910ರಲ್ಲಿ ಹುಟ್ಟಿದ ಆ ಮರಾಠಿ ಮನೆಯ ಮಗ, 1938ರಲ್ಲಿ ಕಾಂಗ್ರೆಸ್ಸು ಯುದ್ಧಪೀಡಿತ ಚೀನಕ್ಕೆ ಕಳುಹಿದ ಐವರು ವೈದ್ಯರಲ್ಲಿ ಒಬ್ಬರು. ಅಲ್ಲಿರುವಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು, ಅವರು ಮರಳಲಿಲ್ಲ. ಉಳಿದ ನಾಲ್ವರೂ ಹಿಂದಿರುಗಿದರು. ಕೋಟ್ನಿಸರು 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಣ್ಣುಮುಚ್ಚಿದರು. ಅವರ ಕೀರ್ತಿಯನ್ನು ಎರಡು ದೇಶಗಳೂ ಹಾಡಿವೆ. ಆದರೆ ಆ ದಿನಗಳಲ್ಲಿ ಮನೆಯಲ್ಲಿ ಉಳಿದವರು ಹೊತ್ತ ಭಾರವನ್ನು ಯಾರು ಬರೆದಿಟ್ಟಿದ್ದಾರೆ? ಹೋದವರ ಸೇವೆಯಲ್ಲಿ ಅರ್ಧ ಭಾಗ ಮನೆಯಲ್ಲಿ ಉಳಿದವರದು. ಆ ಅರ್ಧವನ್ನು ನಾನು ಬಾಕಿ ಇಟ್ಟಿದ್ದೆ.

ಹನ್ನೊಂದನೆಯ ದಿನ ಬಸ್ ನಿಲ್ದಾಣದಲ್ಲಿ ಅವ್ವ ಅಳಲಿಲ್ಲ. ಬಸ್ಸು ಹೊರಟ ಮೇಲೆ ನನ್ನ ತೋಳು ಹಿಡಿದು, ‘ಆಕಿ ಬರ್ತಾಳ ಬಿಡು. ನೀ ಯಾವಾಗ ಬರ್ತಿ?’ ಎಂದಳು.

ಅದೇ ತಿಂಗಳು ಒಂದು ಕಣ್ಣಿನ, ಯುಗಾದಿಯೊಳಗೆ ಇನ್ನೊಂದರ ಶಸ್ತ್ರಕ್ರಿಯೆಯಾಯಿತು. ಎರಡೂ ಸಲ ನಾನು ಅವ್ವನ ಜೊತೆಗಿದ್ದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಈಗ ಶುಕ್ರವಾರದ ಸಂಜೆ ಕೆಲಸ ಮುಗಿಸಿದವನು ಮಿಯಾಪುರದಲ್ಲಿ ನೇರವಾಗಿ ಬಸ್ಸು ಹತ್ತುತ್ತೇನೆ.

ಇಲ್ಲಿ ಕುಳಿತ ನಾವೆಲ್ಲರೂ ಊರು ಬಿಟ್ಟು ಬಂದವರೇ. ದೂರ ದೇಶದಿಂದ ಮಕ್ಕಳೋ ತಂಗಿಯರೋ ನಾಲ್ಕು ದಿನಕ್ಕೆ ಬಂದರೆ ಪಟ್ಟಿ ಮಾಡಬೇಡಿ. ಮನೆಯಲ್ಲಿ ಸುಮ್ಮನೆ ಕೂಡಲು ಬಿಡಿ. ಹತ್ತಿರವಿರುವ ನಾವು ಅವರ ಬರವಿಗಾಗಿ ಕಾಯದೆ ಹೊರಡೋಣ.