ಚಿತ್ತವೈಕಲ್ಯವೂ ನ್ಯಾಯಪೀಠವೂ



ಅಪರಾಧವೆಂಬುದು ಕೈಯೊಂದರಿಂದಲೇ ಆಗತಕ್ಕುದಲ್ಲ. ಕೈಯ ಹಿಂದೆ ಅರಿವೊಂದಿರಬೇಕು. ಬುದ್ಧಿಪೂರ್ವಕವಾಗಿ ಮಾಡಿದುದಕ್ಕೂ ಬುದ್ಧಿಯೇ ಕದಡಿದಾಗ ನಡೆದುದಕ್ಕೂ ಒಂದೇ ದಂಡನೆ ಸಲ್ಲುವುದೇ?

1843ರಲ್ಲಿ ಇಂಗ್ಲೆಂಡಿನಲ್ಲಿ ಮ್ಯಾಕ್‌ನಾಟನ್ ಎಂಬಾತನು ಭ್ರಾಂತಿವಶನಾಗಿ ಪ್ರಧಾನಮಂತ್ರಿಯ ಕಾರ್ಯದರ್ಶಿಯ ಮೇಲೆ ಗುಂಡುಹಾರಿಸಿ ಆತನ ಮರಣಕ್ಕೆ ಕಾರಣನಾದನು. ಪಂಚರು ಅವನನ್ನು ಚಿತ್ತವಿಕಲನೆಂದು ನಿರ್ದೋಷಿಯೆನ್ನಲು, ಲೋಕವು ಕ್ಷೋಭೆಗೊಂಡಿತು. ಆಗ ನ್ಯಾಯಾಧೀಶರು ಪ್ರಭುಸಭೆಗಿತ್ತ ಉತ್ತರಗಳೇ ನಿಯಮಗಳಾದುವು. ಅವುಗಳ ತಿರುಳೇ 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲಿ ನೆಲೆಸಿರುವುದು. ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ಚಿತ್ತವೈಕಲ್ಯದ ಕಾರಣ ಅರಿಯಲಾರದವನು ಮಾಡಿದುದು ಅಪರಾಧವಲ್ಲ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಕೃತ್ಯದ ಕ್ಷಣದಲ್ಲಿ ಅವನ ಚಿತ್ತವು ಹೇಗಿದ್ದಿತು ಎಂಬುದು ಮೊದಲನೆಯದು. ಇದನ್ನು ಸ್ಥಾಪಿಸುವ ಭಾರವು ಆರೋಪಿಯದೇ. ಈಗ ತನ್ನ ಪಕ್ಷವನ್ನು ಮಂಡಿಸಿಕೊಳ್ಳಬಲ್ಲನೇ ಎಂಬುದು ಎರಡನೆಯದು. ಆಗದಿದ್ದರೆ ವಿಚಾರಣೆಯು ನಿಲ್ಲುವುದು. ಆದರೆ ವಿಚಾರಣೆ ನಿಂತಲ್ಲಿ ಮನುಷ್ಯನನ್ನೇ ಮರೆಯುವ ಭಯವುಂಟು.

ಅಸ್ಸಾಮಿನ ಒಬ್ಬ ಬಡವನ ಕಥೆಯನ್ನು ಕೇಳಿರಿ. ತೀವ್ರಗಾಯ ಮಾಡಿದನೆಂಬ ಆರೋಪದ ಮೇಲೆ 1951ರಲ್ಲಿ ಸೆರೆಯಾದ ಅವನನ್ನು ತೇಜಪುರದ ಮಾನಸಿಕ ಚಿಕಿತ್ಸಾಲಯಕ್ಕೆ ಕಳುಹಿಸಿದರು. 1967ರಲ್ಲಿ ವೈದ್ಯರು ಸ್ವಸ್ಥನೆಂದರು. ಆದರೂ ಮನೆಗೆ ಬಿಡದೆ ಗುವಾಹಾಟಿಯ ಸೆರೆಮನೆಗೆ ಸಾಗಿಸಿದರು. ವಿಚಾರಣೆಯಿಲ್ಲದೆಯೇ 54 ವರ್ಷ ಕಳೆದು, 2005ರಲ್ಲಿ ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಹೊರಬಂದನು. ರೋಗವು ಕಸಿದುಕೊಂಡುದಕ್ಕಿಂತ ಅಲಕ್ಷ್ಯವು ಕಸಿದುಕೊಂಡುದು ಹೆಚ್ಚಲ್ಲವೇ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪ್ರತಿ ರಾಜ್ಯದಲ್ಲಿಯೂ ಕನಿಷ್ಠ ಒಂದು ಸೆರೆಮನೆಯ ವೈದ್ಯವಿಭಾಗದಲ್ಲಿ ಮನೋರೋಗಿಗಳ ಚಿಕಿತ್ಸೆಗೆ ಏರ್ಪಾಡಾಗಬೇಕೆಂದು ವಿಧಿಸಿದೆ. ಸೆರೆಯಲ್ಲಿರುವವನಿಗೆ 1987ರ ಕಾಯಿದೆಯ ಮೇರೆಗೆ ಉಚಿತ ವಕೀಲರ ನೆರವೂ ಉಂಟು. ಆದರೆ ಕೇಳುವವರಿಲ್ಲದಲ್ಲಿ ಕಾಯಿದೆಯು ಕಾಗದವಾಗಿಯೇ ಉಳಿಯುವುದು.

ಆದುದರಿಂದ ಮಹಾಶಯರೇ, ಮನೆಯಲ್ಲಿ ಮನೋರೋಗಿಯಿದ್ದರೆ ಅದನ್ನು ಕುಲಕ್ಕೆ ಕಳಂಕವೆಂದು ಮುಚ್ಚಿಡಬೇಡಿರಿ. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಚಿಕಿತ್ಸಾಲಯಗಳಿರುವುವು. ವೈದ್ಯರ ಚೀಟಿಗಳನ್ನು ಜೋಪಾನವಾಗಿಡಿರಿ. ಅನಾಹುತವೊದಗಿದರೆ ನ್ಯಾಯಾಲಯದಲ್ಲಿ ಅವೇ ಸಾಕ್ಷಿಯಾಗಬಲ್ಲವು. ಸೆರೆಯಾದವನನ್ನು ಹೋಗಿ ನೋಡಿರಿ, ಅವನ ಮೊಕದ್ದಮೆಯ ತಾರೀಖನ್ನು ವಿಚಾರಿಸಿರಿ. ನೆನೆಯುವವರೊಬ್ಬರಿದ್ದರೆ ಅರ್ಧಶತಮಾನದ ಮರೆವು ಸಂಭವಿಸಲಾರದು.